ಓಡದ ಸಿನಿಮಾ ಮುಂದೊಂದು ದಿನ ‘ಕಲ್ಟ್’ ಆಗುತ್ತದೆಂದು ನಂಬಿ ದುಡ್ಡು ಹಾಕಬಹುದೇ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಪದವಿಪೂರ್ವ ಕಾಲೇಜಿನ ಉಪನ್ಯಾಸಕ. ಓದುವ ದಿನಗಳಿಂದಲೂ ಜೊತೆಗಿರುವ ಗೆಳೆಯನೊಬ್ಬ ತನ್ನ ಮೊದಲ ಸಿನಿಮಾ ಮಾಡಲು ಹೊರಟಿದ್ದಾನೆ. ಕಥೆ ವಿಚಿತ್ರವಾಗಿದೆ, ಹಾಡಿಲ್ಲ, ಹೆಸರಾಂತ ನಟರಿಲ್ಲ. ಗೆಳೆಯರಿಂದಲೇ ಹಣ ಕೂಡಿಸುತ್ತಿದ್ದು, ನನ್ನಿಂದ ಐದು ಲಕ್ಷ ಕೇಳಿದ್ದಾನೆ. ‘ಥಿಯೇಟರಿನಲ್ಲಿ ಓಡದಿದ್ದರೂ ಚಿಂತೆಯಿಲ್ಲ, ಐದು ವರ್ಷದಲ್ಲಿ ಕಲ್ಟ್ ಆಗುತ್ತದೆ, ಒಂದು ಗುಂಪು ಅದನ್ನು ಬಿಡದೆ ಮತ್ತೆ ಮತ್ತೆ ನೋಡುತ್ತದೆ, ಆಗ ದುಡ್ಡು ತಾನಾಗಿ ಬರುತ್ತದೆ’ ಎನ್ನುತ್ತಾನೆ. ‘ಉಳಿದವರು ಕಂಡಂತೆ’, ‘ಅಂದಾಜ್ ಅಪ್ನಾ ಅಪ್ನಾ’ ಚಿತ್ರಗಳ ಉದಾಹರಣೆ ಕೊಡುತ್ತಾನೆ. ಸೋತ ಸಿನಿಮಾಗಳೇ ಕಲ್ಟ್ ಆಗುವುದಾದರೆ, ಗೆದ್ದ ‘ಓಂ’ ಚಿತ್ರವನ್ನು ಹಾಗೆ ಕರೆಯುವುದೇಕೆ? ಇನ್ನೊಂದು ಮಾತು. ನನಗೆ ಬಹಳ ಇಷ್ಟವಾದ ಚಿತ್ರ ‘ಜಾನೇ ಭೀ ದೋ ಯಾರೋ’. ಮೊನ್ನೆ ಮಗಳಿಗೆ ತೋರಿಸಿದರೆ ಅರ್ಧಕ್ಕೇ ಎದ್ದು ಹೋದಳು. ಹಳೆಯ ನೆನಪನ್ನೇ ಒಳ್ಳೆಯ ಸಿನಿಮಾ ಎಂದು ತಿಳಿದುಕೊಂಡಿದ್ದೇನೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಒಂದು ಐದು ಲಕ್ಷದ್ದು, ಇನ್ನೊಂದು ನಿಮ್ಮ ಅಭಿರುಚಿಯದು. ದುಡ್ಡಿನ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗೆಳೆಯನ ಸಿನಿಮಾದ ಮೇಲೆ ನಿಮಗೆ ನಂಬಿಕೆಯಿದ್ದು, ಹೋದರೂ ಮನೆ ನಡೆಯುತ್ತದೆ ಎನ್ನುವಷ್ಟು ಹಣ ಕೈಯಲ್ಲಿದ್ದರೆ ಕೊಡಿ. ‘ಮುಂದೆ ಕಲ್ಟ್ ಆಗುತ್ತದೆ’ ಎಂಬ ಮಾತನ್ನು ನಂಬಿ ಒಂದು ರೂಪಾಯಿಯನ್ನೂ ಕೊಡಬೇಡಿ. ಯಾಕೆಂದು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು.

ಗಾಂಧಿನಗರದ ಹಂಚಿಕೆ ಕಚೇರಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಆಮೇಲೆ ಚಿತ್ರ ಸಮಾಜಗಳಿಗೆ ಸಿನಿಮಾ ಆರಿಸಿಕೊಡುವ ಕೆಲಸಕ್ಕೆ ಬಂದವನು ನಾನು. ರೀಲುಗಳ ಕಾಲದಲ್ಲಿ ಗೋದಾಮಿನ ಗೋಡೆಯುದ್ದಕ್ಕೂ ತಗಡಿನ ಪೆಟ್ಟಿಗೆಗಳನ್ನು ಒಟ್ಟಿರುತ್ತಿದ್ದರು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಚಿತ್ರದ ಹೆಸರು, ರೀಲಿನ ಸಂಖ್ಯೆ. ಒಂದು ವಾರ ಓಡಿ ವಾಪಸು ಬಂದ ಪೆಟ್ಟಿಗೆಗಳಲ್ಲಿ ಹೆಚ್ಚಿನವನ್ನು ಮತ್ತೆ ಯಾರೂ ಕೇಳಿಕೊಂಡು ಬರಲಿಲ್ಲ. ಎಷ್ಟೋ ವರ್ಷದ ಮೇಲೆ ತೆರೆದರೆ, ಫಿಲ್ಮ್ ಕೆಡುವಾಗ ಏಳುವ ಹುಳಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅವುಗಳಲ್ಲಿ ಶ್ರದ್ಧೆಯಿಂದ ಮಾಡಿದ ಚಿತ್ರಗಳೂ ಇದ್ದವು, ವಿಚಿತ್ರ ಕಥೆಗಳೂ ಇದ್ದವು. ಸೋತ ಚಿತ್ರಗಳ ಸಾಮಾನ್ಯ ಗತಿ ಅದು. ನಿಮ್ಮ ಗೆಳೆಯ ಹೆಸರಿಸುವ ಎರಡು ಚಿತ್ರಗಳು ಆ ರಾಶಿಯಿಂದ ಹೇಗೋ ಪಾರಾಗಿ ಬಂದವು. ಪಾರಾದವನ್ನು ಮಾತ್ರ ಎಣಿಸಿದರೆ ಲೆಕ್ಕ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ.

ಸೋಲಿಗೂ ಕಲ್ಟ್ ಆಗುವುದಕ್ಕೂ ನೇರ ಸಂಬಂಧವಿಲ್ಲ ಎನ್ನುವುದಕ್ಕೆ ನೀವೇ ಕೇಳಿದ ‘ಓಂ’ ಸಾಕ್ಷಿ. 1995ರಲ್ಲಿ ಬಂದ ಉಪೇಂದ್ರರ ಆ ಚಿತ್ರ ಮೊದಲ ಬಿಡುಗಡೆಯಲ್ಲೇ ಗೆದ್ದಿತು. ನಿಜ ಜೀವನದ ರೌಡಿಗಳನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದ್ದ ಚಿತ್ರ ಅದು. ಅದನ್ನು ಬೇರೆ ಗೆದ್ದ ಚಿತ್ರಗಳಿಂದ ಬೇರ್ಪಡಿಸಿದ್ದು ಆಮೇಲೆ ನಡೆದದ್ದು. ಐನೂರಕ್ಕೂ ಹೆಚ್ಚು ಸಲ ಅದು ಮರುಬಿಡುಗಡೆಯಾಯಿತೆಂದು ಪತ್ರಿಕೆಗಳು ಬರೆದಿವೆ. ಸುಮಾರು 20 ವರ್ಷ ಅದು ಟಿವಿಗೆ ಬರಲಿಲ್ಲ. ನೋಡಬೇಕೆಂದರೆ ಚಿತ್ರಮಂದಿರಕ್ಕೇ ಹೋಗಬೇಕಿತ್ತು, ಜನ ಹೋದರು. ಹೊಸ ಚಿತ್ರವೊಂದು ಕೈಕೊಟ್ಟಾಗ ಖಾಲಿ ಬಿದ್ದ ವಾರಕ್ಕೆ ‘ಓಂ’ ಹಾಕಿದರೆ ನಷ್ಟವಾಗದು ಎಂಬ ಧೈರ್ಯ ಪ್ರದರ್ಶಕರಿಗಿತ್ತು. 1998ರ ‘ಎ’ ಕೂಡ ಗೆದ್ದ ಚಿತ್ರವೇ. ಕಥೆಯನ್ನು ಹಿಂದುಮುಂದಾಗಿ ಹೇಳಿ, ‘ಬುದ್ಧಿವಂತರಿಗೆ ಮಾತ್ರ’ ಎಂದು ಜನರನ್ನು ಕೆಣಕಿದ ಆ ಚಿತ್ರದ ಎಳೆಗಳನ್ನು ಜೋಡಿಸಿಕೊಳ್ಳಲೆಂದೇ ಅನೇಕರು ಎರಡನೆಯ ಸಲ ಟಿಕೆಟ್ ಕೊಂಡರು. 2024ರಲ್ಲಿ ಅದು ಮತ್ತೆ ತೆರೆಗೆ ಬಂದಾಗ ಮೊದಲ ಸಲ ಬಿಡುಗಡೆಯಾದಾಗ ಹುಟ್ಟಿಯೇ ಇರದ ಹುಡುಗರು ಸಂಭಾಷಣೆಯನ್ನು ಮುಂಚಿತವಾಗಿಯೇ ಹೇಳುತ್ತಿದ್ದರು.

ಅಂದರೆ ನೋಡಬೇಕಾದ್ದು ಗಲ್ಲಾಪೆಟ್ಟಿಗೆಯನ್ನಲ್ಲ, ಪ್ರೇಕ್ಷಕರು ಆ ಚಿತ್ರದೊಂದಿಗೆ ಏನು ಮಾಡುತ್ತಾರೆ ಎನ್ನುವುದನ್ನು. ಮತ್ತೆ ಮತ್ತೆ ಬರುತ್ತಾರೆಯೇ? ಮಾತುಗಳನ್ನು ತಮ್ಮ ದಿನದ ಮಾತಿನಲ್ಲಿ ಬಳಸುತ್ತಾರೆಯೇ? ಇನ್ನೊಬ್ಬರನ್ನು ಕೈಹಿಡಿದು ಕರೆತರುತ್ತಾರೆಯೇ? ಇದರ ಅತಿ ದೊಡ್ಡ ಉದಾಹರಣೆ ‘ದ ರಾಕಿ ಹಾರರ್ ಪಿಕ್ಚರ್ ಶೋ’. 1975ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದಾಗ ಬಹುತೇಕ ಊರುಗಳಲ್ಲಿ ಅದು ನೆಲಕಚ್ಚಿತು. 1976ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ವೇವರ್ಲಿ ಚಿತ್ರಮಂದಿರ ಅದನ್ನು ಮಧ್ಯರಾತ್ರಿಯ ಆಟಕ್ಕೆ ಹಾಕಿತು. ಕೆಲವೇ ತಿಂಗಳಲ್ಲಿ ಪ್ರೇಕ್ಷಕರು ಪರದೆಗೆ ಎದುರುತ್ತರ ಕೊಡತೊಡಗಿದರು. ಮದುವೆಯ ದೃಶ್ಯ ಬಂದರೆ ಅಕ್ಕಿ ಎರಚುವುದು, ಮಳೆಯ ದೃಶ್ಯ ಬಂದರೆ ತಲೆಯ ಮೇಲೆ ಪತ್ರಿಕೆ ಹಿಡಿಯುವುದು, ಪಾತ್ರಗಳ ವೇಷ ತೊಟ್ಟು ಪರದೆಯ ಮುಂದೆ ತಾವೇ ಆಡುವುದು ಎಲ್ಲವೂ ಶುರುವಾಯಿತು. ಇದನ್ನೆಲ್ಲ ನಿರ್ಮಾಣ ಸಂಸ್ಥೆ ಯೋಜಿಸಿರಲಿಲ್ಲ. ಅಲ್ಲಿ ಕೂತವರು ಕಟ್ಟಿದರು. ಆ ಚಿತ್ರ ಇಂದಿಗೂ ಅಲ್ಲಲ್ಲಿ ಹಾಗೆಯೇ ನಡೆಯುತ್ತಿದೆ.

ಇದನ್ನು ನಮ್ಮ ತಾರಾ ಅಭಿಮಾನದೊಂದಿಗೆ ಬೆರೆಸಬೇಡಿ. ಕಟೌಟಿಗೆ ಹಾಲೆರೆದು, ಪರದೆಗೆ ಆರತಿ ಬೆಳಗುವ ಅಭಿಮಾನಿಯ ಪ್ರೀತಿ ನಾಯಕನ ಮುಂದಿನ ಚಿತ್ರಕ್ಕೆ ಸಲೀಸಾಗಿ ದಾಟುತ್ತದೆ. ಕಲ್ಟ್ ಚಿತ್ರದ ಪ್ರೀತಿ ಆ ಒಂದು ಚಿತ್ರಕ್ಕೆ ಅಂಟಿಕೊಂಡಿರುತ್ತದೆ. ಅದೇ ನಿರ್ದೇಶಕ, ಅದೇ ನಟ ಮರುವರ್ಷ ಇನ್ನೊಂದು ಮಾಡಿದರೆ ಆ ಗುಂಪು ಬರುತ್ತದೆಂಬ ಭರವಸೆಯಿಲ್ಲ.

ಕೆಟ್ಟದಾಗಿದ್ದರೂ ಸಾಕು, ಕಲ್ಟ್ ಆಗುತ್ತದೆ ಎಂದು ನಂಬಿರುವವರೂ ಇದ್ದಾರೆ. ಅವರು ತೋರಿಸುವ ಚಿತ್ರ 2003ರ ‘ದ ರೂಮ್’. ನಟನೆ, ಸಂಭಾಷಣೆ, ಕಥೆ ಯಾವುದೂ ನೆಟ್ಟಗಿಲ್ಲ; ಆದರೂ ಜನ ಸೇರಿ ನೋಡುತ್ತಾರೆ, ಹಿನ್ನೆಲೆಯಲ್ಲಿ ಚೌಕಟ್ಟು ಹಾಕಿದ ಚಮಚದ ಚಿತ್ರ ಕಂಡಾಗಲೆಲ್ಲ ಪ್ಲಾಸ್ಟಿಕ್ ಚಮಚ ಎಸೆಯುತ್ತಾರೆ. ಅದನ್ನು ಬರೆದು, ನಿರ್ದೇಶಿಸಿ, ನಟಿಸಿದ ಟಾಮಿ ವೈಸೋ ಮಾತ್ರ ಗಂಭೀರ ದುರಂತ ನಾಟಕವನ್ನೇ ಮಾಡಹೊರಟಿದ್ದರು. ಆ ಪ್ರಾಮಾಣಿಕತೆ ಪ್ರತಿ ದೃಶ್ಯದಲ್ಲೂ ಕಾಣುವುದರಿಂದಲೇ ಜನರಿಗೆ ಅದರ ಮೇಲೆ ಅಕ್ಕರೆ ಹುಟ್ಟಿತು. ಬೇಕೆಂದೇ ಕೆಟ್ಟದಾಗಿ ಮಾಡಿದ ಚಿತ್ರವನ್ನು ಪ್ರೇಕ್ಷಕ ಹತ್ತು ನಿಮಿಷದಲ್ಲಿ ಗುರುತಿಸುತ್ತಾನೆ. ಎರಡನೆಯ ಸಲ ಬರುವುದಿಲ್ಲ.

ಇನ್ನು ನಿಜವಾದ ಕಾರಣಗಳಿಗೆ ಬರೋಣ. ಜನ ಹೆಚ್ಚು ಗಮನಿಸದ, ಆದರೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕಾರಣ, ಚಿತ್ರ ಕೈಗೆ ಸಿಗುವ ಬಗೆ. 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಬಿಡುಗಡೆಯ ಹೊತ್ತಿಗೆ ನಷ್ಟ ಮಾಡಿದ ಚಿತ್ರ. 1974ರಲ್ಲಿ ಅದರ ಕೃತಿಸ್ವಾಮ್ಯವನ್ನು ನವೀಕರಿಸದೆ ಬಿಟ್ಟರು. ಚಿತ್ರವನ್ನು ಅಗ್ಗವಾಗಿ ತೋರಿಸಬಹುದೆಂದು ಗೊತ್ತಾದ ಅಮೆರಿಕದ ಟಿವಿ ಕೇಂದ್ರಗಳು ಪ್ರತಿ ಕ್ರಿಸ್‌ಮಸ್‌ಗೂ ಹಾಕತೊಡಗಿದವು. ಒಂದು ತಲೆಮಾರು ಅದನ್ನು ನೋಡುತ್ತಲೇ ಬೆಳೆಯಿತು. ‘ಅಂದಾಜ್ ಅಪ್ನಾ ಅಪ್ನಾ’ 1994ರ ನವೆಂಬರ್‌ನಲ್ಲಿ ಬಂದಾಗ ಚಿತ್ರಮಂದಿರಗಳಲ್ಲಿ ‘ಹಮ್ ಆಪ್ಕೆ ಹೈ ಕೌನ್’ ಅಬ್ಬರವಿತ್ತು. ಅದರ ನಡುವೆ ಓಡದೆ ಹೋದ ‘ಅಂದಾಜ್’ ಚಿತ್ರವನ್ನು ಉಳಿಸಿದ್ದು ಆಗಷ್ಟೇ ಮನೆಮನೆಗೆ ಬರುತ್ತಿದ್ದ ಕೇಬಲ್ ಟಿವಿ. ಮಧ್ಯಾಹ್ನದ ಹೊತ್ತು, ಎಲ್ಲಿಂದ ಬೇಕಾದರೂ ನೋಡಲು ಶುರು ಮಾಡಬಹುದಾದ ಚಿತ್ರ ಅದು. ಪ್ರತಿ ದೃಶ್ಯವೂ ತನ್ನಷ್ಟಕ್ಕೆ ತಾನೇ ನಿಲ್ಲುವ ಪ್ರಹಸನ. ನಡುವೆ ಎದ್ದು ಹೋಗಿ ಬಂದರೂ ಕಳೆದುಕೊಳ್ಳುವುದೇನಿಲ್ಲ. ಚಿತ್ರಮಂದಿರದಲ್ಲಿ ದೋಷವಾಗಿ ಕಂಡದ್ದೇ ಟಿವಿಯಲ್ಲಿ ಗುಣವಾಯಿತು.

ಇದರ ತದ್ವಿರುದ್ಧ ಕಥೆ ‘ಎಲ್ ತೋಪೋ’ ಚಿತ್ರದ್ದು. 1970ರ ಕೊನೆಯಲ್ಲಿ ನ್ಯೂಯಾರ್ಕಿನ ಎಲ್ಗಿನ್ ಚಿತ್ರಮಂದಿರ ಇದನ್ನು ಮಧ್ಯರಾತ್ರಿ ಹಾಕಿದ ಮೇಲೆಯೇ ‘ಮಧ್ಯರಾತ್ರಿಯ ಸಿನಿಮಾ’ ಎನ್ನುವ ರೂಢಿ ಅಲ್ಲಿ ಗಟ್ಟಿಯಾಯಿತು. ತಿಂಗಳುಗಟ್ಟಲೆ ಜನ ತುಂಬಿ ಬಂದರು. ಆಮೇಲೆ ಹಕ್ಕು ಕೊಂಡವರಿಗೂ ನಿರ್ದೇಶಕ ಹೊಡೊರೊವ್‌ಸ್ಕಿಗೂ ಜಗಳವಾಗಿ, ಸುಮಾರು ಮೂರು ದಶಕ ಅದನ್ನು ಕ್ರಮಬದ್ಧವಾಗಿ ನೋಡುವ ದಾರಿಯೇ ಮುಚ್ಚಿತ್ತು. ಚಿತ್ರ ಎಷ್ಟೇ ಒಳ್ಳೆಯದಿರಲಿ, ಹಕ್ಕುಪತ್ರ ಯಾರ ಕಪಾಟಿನಲ್ಲಿದೆ ಎನ್ನುವುದು ಅದರ ಆಯುಸ್ಸನ್ನು ನಿರ್ಧರಿಸುತ್ತದೆ. ನಿಮ್ಮ ಗೆಳೆಯನಿಗೆ ಮುಖ್ಯವಾಗಿ ತಿಳಿಸಬೇಕಾದ್ದು ಇದೇ.

ಚಿತ್ರದ ಒಳಗೂ ಕಾರಣಗಳಿರುತ್ತವೆ, ಇಲ್ಲವೆಂದಲ್ಲ. ನಾನು ಕಂಡಂತೆ ಇಂಥ ಚಿತ್ರಗಳಲ್ಲಿ ಕಥೆಗಿಂತ ಅದು ನಡೆಯುವ ಲೋಕ ದೊಡ್ಡದಾಗಿರುತ್ತದೆ. 2014ರ ‘ಉಳಿದವರು ಕಂಡಂತೆ’ ಇದಕ್ಕೆ ನಮ್ಮಲ್ಲಿನ ಒಳ್ಳೆಯ ನಿದರ್ಶನ. ಮಲ್ಪೆಯ ಕಡಲತಡಿ, ಮೀನುಗಾರರ ಕೇರಿ, ಅಷ್ಟಮಿಯ ಗದ್ದಲ. ಸತ್ಯ ಏನೆಂದು ಯಾರೂ ಪೂರ್ತಿ ಹೇಳುವುದಿಲ್ಲ. ಒಬ್ಬೊಬ್ಬರು ಕಂಡಷ್ಟನ್ನು ಹೇಳುತ್ತಾರೆ. ಚಿತ್ರದ ರಿಚ್ಚಿ ಎಂಬ ಪಾತ್ರ ಬೀದಿಯಲ್ಲಿ ಹುಲಿವೇಷದ ತಾಸೆ ವಾದ್ಯದ ಬಡಿತಕ್ಕೆ ಹೆಜ್ಜೆ ಹಾಕುವುದನ್ನು ಒಮ್ಮೆ ನೆನಪಿಸಿಕೊಳ್ಳಿ. ಆ ಹೆಜ್ಜೆಯಿಂದ ಕಥೆ ಒಂದಿಂಚೂ ಮುಂದೆ ಹೋಗುವುದಿಲ್ಲ. ಆದರೆ ಇಡೀ ಚಿತ್ರದಲ್ಲಿ ಜನ ಅನುಕರಿಸಿದ್ದು, ಮತ್ತೆ ಮತ್ತೆ ಹುಡುಕಿ ನೋಡಿದ್ದು ಅದನ್ನೇ. ಮೊದಲ ವಾರ ಟಿಕೆಟ್ ಕೊಂಡವರಲ್ಲಿ ಅನೇಕರಿಗೆ ತುಂಡು ತುಂಡಾದ ನಿರೂಪಣೆ ಒಗ್ಗಲಿಲ್ಲ. ಮನೆಯಲ್ಲಿ ನಿಲ್ಲಿಸಿ, ಹಿಂದಕ್ಕೆ ಸರಿಸಿ ನೋಡುವ ಅನುಕೂಲ ಬಂದಾಗ ಅದೇ ತುಂಡುಗಳು ಆಕರ್ಷಣೆಯಾದವು. ಇನ್ನೊಂದು ವಿಷಯ: ಅದರಲ್ಲಿದ್ದವರು ಆಮೇಲೆ ಬೆಳೆದರು. ನಿರ್ದೇಶಿಸಿ ನಟಿಸಿದ ರಕ್ಷಿತ್ ಶೆಟ್ಟಿ, ನಟ ರಿಷಬ್ ಶೆಟ್ಟಿ, ಸಂಗೀತ ನೀಡಿದ ಅಜನೀಶ್ ಲೋಕನಾಥ್ ಹೆಸರು ದೊಡ್ಡದಾದಂತೆಲ್ಲ ಜನ ಹಿಂತಿರುಗಿ ಈ ಚಿತ್ರಕ್ಕೆ ಬಂದರು. 2017ರಲ್ಲಿ ‘ರಿಚಿ’ ಎಂದು ತಮಿಳಿಗೆ ಬಂದ ಅದರ ರೀಮೇಕ್‌ಗೆ ಆ ಪಟ್ಟ ಸಿಗಲಿಲ್ಲ. ಕಥೆಯನ್ನು ಸಾಗಿಸಬಹುದು, ಆ ಊರಿನ ಉಪ್ಪುಗಾಳಿಯನ್ನು ಸಾಗಿಸುವುದು ಕಷ್ಟ.

ಇಷ್ಟು ಹೇಳಿದ ಮೇಲೆ ನಿಮ್ಮ ಗೆಳೆಯನ ಯೋಜನೆಯ ತೊಂದರೆ ನಿಮಗೇ ಕಾಣುತ್ತಿರಬಹುದು. ಚಿತ್ರವೊಂದು ಕಲ್ಟ್ ಆಗುವ ಕಾರಣಗಳಲ್ಲಿ ಅರ್ಧಕ್ಕೂ ಹೆಚ್ಚು ಅವನ ಕೈಯಲ್ಲಿಲ್ಲ. ಯಾವ ಮಾಧ್ಯಮ ಹುಟ್ಟುತ್ತದೆ, ಯಾವ ನಟ ಮುಂದೆ ಹೆಸರು ಮಾಡುತ್ತಾನೆ, ಯಾವ ದೃಶ್ಯ ಹುಡುಗರ ಮೊಬೈಲಿನಲ್ಲಿ ಹರಿದಾಡುತ್ತದೆ, ಇವನ್ನು ಯಾರೂ ಬರೆದಿಡಲಾರರು. ಬಿಡುಗಡೆಗೆ ಮೊದಲೇ ಪೋಸ್ಟರಿನ ಮೇಲೆ ‘ಕಲ್ಟ್’ ಎಂದು ಅಚ್ಚು ಹಾಕಿಸುವ ಚಿತ್ರತಂಡಗಳು ಈಗ ಬಹಳ. ಅದು ಜಾಹೀರಾತು, ಅಷ್ಟೇ. ನನ್ನನ್ನು ಹೆಚ್ಚು ಕಾಡುವುದು ಬೇರೆ. ‘ಈಗ ಅರ್ಥವಾಗದಿದ್ದರೂ ಮುಂದೆ ಅರ್ಥವಾಗುತ್ತದೆ’ ಎಂದು ಮೊದಲೇ ಸಮಾಧಾನ ಮಾಡಿಕೊಂಡ ನಿರ್ದೇಶಕ ಚಿತ್ರಕಥೆಯನ್ನು ತಿದ್ದುವುದಿಲ್ಲ. ಎಡಿಟಿಂಗ್ ಟೇಬಲ್ಲಿನಲ್ಲಿ ಇಪ್ಪತ್ತು ನಿಮಿಷ ಕತ್ತರಿಸಬೇಕೆಂದು ಯಾರಾದರೂ ಹೇಳಿದರೆ ಕಿವಿಗೊಡುವುದಿಲ್ಲ. ಒಳ್ಳೆಯ ಪ್ರತಿಭೆ ಹೀಗೆ ಹಾಳಾಗುವುದನ್ನು ಕಂಡು ನನಗೆ ಸಂಕಟವಾಗಿದೆ. ‘ಎ’ ಆಗಲಿ, ‘ಉಳಿದವರು ಕಂಡಂತೆ’ ಆಗಲಿ ಮೊದಲ ದಿನದ ಪ್ರೇಕ್ಷಕರಿಗಾಗಿಯೇ ಮಾಡಿದ ಚಿತ್ರಗಳು.

ಹಣದ ಮಾತು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಮೊದಲ ಒಡೆಯ ನಿರ್ಮಾಪಕ. ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ನಿರ್ದೇಶಕನಿಗಾಗಲಿ, ಸಾಲ ಕೊಟ್ಟ ಗೆಳೆಯನಿಗಾಗಲಿ ಕರಾರಿನಲ್ಲಿ ಬರೆದಷ್ಟೇ ಪಾಲು. 2018ರ ‘ತುಂಬಾಡ್’ 2024ರಲ್ಲಿ ಮರುಬಿಡುಗಡೆಯಾಗಿ ಮೊದಲ ಸಲಕ್ಕಿಂತ ಹೆಚ್ಚು ಗಳಿಸಿದ್ದು ನಿಜ. ಹಾಗಾಗಿ ಕಲ್ಟ್‌ನಿಂದ ಹಣವೇ ಬರುವುದಿಲ್ಲ ಎನ್ನಲಾರೆ. ಆದರೆ ಅಂಥ ಹಣ ವರ್ಷಗಳು ಕಳೆದು, ಹಕ್ಕು ಯಾರ ಹೆಸರಿನಲ್ಲಿದೆಯೋ ಅವರಿಗೆ ಬರುತ್ತದೆ. ಚಿಕ್ಕ ನಿರ್ಮಾಪಕರು ಬಿಡುಗಡೆಯ ಖರ್ಚಿಗೆಂದು ಟಿವಿ, ಡಬ್ಬಿಂಗ್, ರೀಮೇಕ್, ಒಟಿಟಿ ಹಕ್ಕುಗಳನ್ನು ಒಟ್ಟಾಗಿ, ಶಾಶ್ವತವಾಗಿ, ಸಿಕ್ಕಿದ ಬೆಲೆಗೆ ಬರೆದುಕೊಡುವುದನ್ನು ಗಾಂಧಿನಗರದಲ್ಲಿ ಬಹಳ ನೋಡಿದ್ದೇನೆ.

ಗೆಳೆಯರು ಕೂಡಿ ಹಣ ಹಾಕುವುದು ಹೊಸತೇನಲ್ಲ. ಪಿಟ್ಸ್‌ಬರ್ಗಿನ ಜಾರ್ಜ್ ರೊಮೆರೊ ಮತ್ತು ಸಂಗಡಿಗರು, ಒಟ್ಟು ಹತ್ತು ಜನ, ತಲಾ 600 ಡಾಲರ್ ಹಾಕಿ ಶುರು ಮಾಡಿದ ಚಿತ್ರ 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’. ಒಟ್ಟು ಖರ್ಚು ಒಂದು ಲಕ್ಷ ಡಾಲರ್‌ಗಿಂತ ಸ್ವಲ್ಪ ಹೆಚ್ಚು. ಕೊನೆಗಳಿಗೆಯಲ್ಲಿ ಚಿತ್ರದ ಹೆಸರು ಬದಲಾಯಿಸುವಾಗ ಹಂಚಿಕೆದಾರರು ಶೀರ್ಷಿಕೆಯ ಜೊತೆಗಿದ್ದ ಕೃತಿಸ್ವಾಮ್ಯದ ಸಾಲನ್ನು ಬಿಟ್ಟುಬಿಟ್ಟರು. ಅಂದಿನ ಅಮೆರಿಕದ ಕಾನೂನಿನಲ್ಲಿ ಆ ಒಂದು ಸಾಲು ಇಲ್ಲವೆಂದರೆ ಚಿತ್ರ ಸಾರ್ವಜನಿಕರ ಸ್ವತ್ತು. ಯಾರು ಬೇಕಾದರೂ ಪ್ರತಿ ತೆಗೆದು ಮಾರಿದರು, ತೋರಿಸಿದರು. ಅದು ಜಗತ್ತಿನ ಮೂಲೆಮೂಲೆಗೆ ಹರಡಲು ಇದೂ ಒಂದು ಕಾರಣ. ಆದರೆ ಆ ಪ್ರತಿಗಳ ಮಾರಾಟದಿಂದ ಮಾಡಿದವರಿಗೆ ಬಿಡಿಗಾಸೂ ಬರಲಿಲ್ಲ. ನಮ್ಮಲ್ಲಿ ಪವನ್ ಕುಮಾರ್ 2013ರ ‘ಲೂಸಿಯಾ’ಗೆ ನೂರಕ್ಕೂ ಹೆಚ್ಚು ಪ್ರೇಕ್ಷಕರಿಂದ ಸುಮಾರು 50 ಲಕ್ಷ ಕೂಡಿಸಿದರು. ಹಣ ಹಾಕಿದವರನ್ನು ಮುಂದೆಂದೋ ಬರುವ ಪ್ರೇಕ್ಷಕರಿಗಾಗಿ ಕಾಯಿಸಲಿಲ್ಲ. ಅವರೇ ಅದರ ಮೊದಲ ಪ್ರೇಕ್ಷಕರು.

ನಿಮ್ಮ ಮುಂದಿರುವ ದಾರಿಗಳನ್ನು ಹೇಳುತ್ತೇನೆ. ಸಾಲವಾಗಿ ಕೊಟ್ಟರೆ ಕಾಗದದ ಮೇಲೆ ಹಣ ಭದ್ರ. ಆದರೆ ಚಿತ್ರ ಸೋತರೆ ಗೆಳೆಯ ಎಲ್ಲಿಂದ ತೀರಿಸಿಯಾನು? ವಸೂಲಿಗೆ ಹೋದರೆ ಗೆಳೆತನವೂ ಹೋಗುತ್ತದೆ. ಪಾಲುದಾರರಾಗಿ ಸೇರಿದರೆ ಲಾಭದ ಪಾಲು ಸಿಗಬಹುದು, ಆದರೆ ಇಲ್ಲೊಂದು ಅಪಾಯವಿದೆ. ಸಾಮಾನ್ಯ ಪಾಲುದಾರಿಕೆ ಸಂಸ್ಥೆಯಲ್ಲಿ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಹೊಣೆ. ಕ್ಯಾಮೆರಾ ಬಾಡಿಗೆಯವರು, ಸ್ಟುಡಿಯೋದವರು ಬಾಕಿಗಾಗಿ ನಿಮ್ಮ ಮನೆ ಬಾಗಿಲಿಗೂ ಬರಬಹುದು. ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯಾದರೆ, ಬೇರೆ ಯಾವುದಕ್ಕೂ ನೀವು ವೈಯಕ್ತಿಕವಾಗಿ ಸಹಿ ಹಾಕದಿದ್ದರೆ, ನಷ್ಟ ನೀವು ಹಾಕಿದ ಮೊತ್ತಕ್ಕೆ ನಿಲ್ಲುತ್ತದೆ. ಸಹಿ ಮಾಡುವ ಮೊದಲು ವಕೀಲರೊಬ್ಬರಿಗೆ ಕರಾರು ತೋರಿಸಿ. ‘ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಗಳ ಆದಾಯದಲ್ಲಿ’ ನಿಮ್ಮ ಪಾಲು ಎಷ್ಟೆಂದು ಅದರಲ್ಲಿರಲಿ. ಪಾಲುದಾರರ ಒಪ್ಪಿಗೆಯಿಲ್ಲದೆ ಹಕ್ಕುಗಳನ್ನು ಶಾಶ್ವತವಾಗಿ ಮಾರುವಂತಿಲ್ಲ ಎಂದೂ ಇರಲಿ. ಮೂರನೆಯ ದಾರಿ ನನಗೆ ಹೆಚ್ಚು ಹಿಡಿಸುತ್ತದೆ: ಐದು ಲಕ್ಷದ ಬದಲು ಮರೆತುಬಿಡಬಹುದಾದ ಚಿಕ್ಕ ಮೊತ್ತವನ್ನು ಉಡುಗೊರೆಯಾಗಿ ಕೊಟ್ಟು, ಒಂದೆರಡು ದೃಶ್ಯಗಳನ್ನು ಮೊದಲು ಚಿತ್ರೀಕರಿಸಲು ಹೇಳುವುದು. ಅದನ್ನು ನಿಮ್ಮ ಕಾಲೇಜಿನಲ್ಲಿ, ಅವನನ್ನು ಅರಿಯದ ವಿದ್ಯಾರ್ಥಿಗಳಿಗೆ ತೋರಿಸಿ. ಮರುದಿನ ಅವರಲ್ಲಿ ಯಾರಾದರೂ ಅದರ ಮಾತೊಂದನ್ನು ತಾವಾಗಿ ಆಡುತ್ತಿದ್ದರೆ ಗೆಳೆಯನ ಬಳಿ ಏನೋ ಇದೆ. ಉಳಿದ ಹಣದ ಮಾತು ಆಮೇಲೆ.

ಚಿತ್ರ ಮುಗಿದರೆ ಇನ್ನೊಂದು ಕೆಲಸ ಮಾಡಿಸಿ. ‘ಬ್ಲೇಡ್ ರನ್ನರ್’ 1982ರಲ್ಲಿ ಸೋತು, 1992ರಲ್ಲಿ ನಿರ್ದೇಶಕರ ಆವೃತ್ತಿಯಾಗಿ ಮರಳಿ ಬರಲು ಕಾರಣವಾದದ್ದು ಉಗ್ರಾಣದಲ್ಲಿ ಸಿಕ್ಕಿದ ಹಳೆಯ ಪ್ರತಿಯೊಂದು. ಡಿಜಿಟಲ್ ಕಾಲದಲ್ಲಿ ಅಂಥ ಅದೃಷ್ಟ ಕಡಿಮೆ. ಹಾರ್ಡ್ ಡಿಸ್ಕ್ ಕೆಟ್ಟರೆ ಮುಗಿಯಿತು. ಚಿತ್ರಮಂದಿರಕ್ಕೆ ಕಳಿಸುವ ಪ್ರತಿಗೆ ಪಾಸ್‌ವರ್ಡಿನಂಥ ಡಿಜಿಟಲ್ ಬೀಗವಿರುತ್ತದೆ, ಅದನ್ನು ನೆಚ್ಚಬೇಡಿ. ಬೀಗವಿಲ್ಲದ ಮೂಲ ಪ್ರತಿ, ಮಾತು, ಸಂಗೀತ, ಶಬ್ದಗಳ ಬೇರೆ ಬೇರೆ ಟ್ರ್ಯಾಕ್‌ಗಳು ಎರಡು ಊರುಗಳಲ್ಲಿ, ಎರಡು ಡಿಸ್ಕ್‌ಗಳಲ್ಲಿರಲಿ.

ಕೊನೆಗೆ ನಿಮ್ಮ ಮಗಳ ವಿಷಯ. ‘ಜಾನೇ ಭೀ ದೋ ಯಾರೋ’ ಒಳ್ಳೆಯ ಚಿತ್ರವೇ. ನಿಮ್ಮ ನೆನಪು ನಿಮಗೆ ಮೋಸ ಮಾಡಿಲ್ಲ. 1983ರಲ್ಲಿ ಸರ್ಕಾರಿ ಸಂಸ್ಥೆಯಾದ ಎನ್‌ಎಫ್‌ಡಿಸಿಯ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ಚಿಕ್ಕ ಬಂಡವಾಳದಲ್ಲಿ ಕುಂದನ್ ಶಾ ಅದನ್ನು ಮಾಡಿದರು. ಬಿಲ್ಡರ್, ಅಧಿಕಾರಿ, ಪತ್ರಿಕೆಯವರು ಕೂಡಿ ನಗರವನ್ನು ನುಂಗುವ ಕಥೆ ಇಂದಿಗೂ ಹಳತಾಗಿಲ್ಲ. ಆದರೆ ಅದರ ಮೊದಲರ್ಧ ನಿಧಾನ. ಇಬ್ಬರು ಬಡ ಫೋಟೋಗ್ರಾಫರ್‌ಗಳು ಹೆಣವೊಂದನ್ನು ಎಳೆದುಕೊಂಡು ಓಡುತ್ತಾ ಮಹಾಭಾರತ ನಾಟಕದ ರಂಗಸ್ಥಳಕ್ಕೆ ನುಗ್ಗುವುದು, ಹೆಣವೇ ದ್ರೌಪದಿಯಾಗಿ ನಿಲ್ಲುವುದು, ವಸ್ತ್ರಾಪಹರಣದ ಯೋಚನೆಯನ್ನೇ ಕೈಬಿಟ್ಟೆ ಎಂದು ದುರ್ಯೋಧನ ಸಾರುವುದು, ಏನಾಗುತ್ತಿದೆಯೆಂದು ಕುರುಡ ಧೃತರಾಷ್ಟ್ರ ಮತ್ತೆ ಮತ್ತೆ ಕೇಳುವುದು, ಎಲ್ಲವೂ ಕೊನೆಯ ಭಾಗದಲ್ಲಿ. ಅರ್ಧಕ್ಕೆ ಎದ್ದವಳು ನೀವು ಪ್ರೀತಿಸುವ ಚಿತ್ರವನ್ನು ನೋಡಿಯೇ ಇಲ್ಲ. ನೀವು ಬಹುಶಃ ದೂರದರ್ಶನದಲ್ಲಿ, ಮನೆಮಂದಿಯೆಲ್ಲ ಕೂತಾಗ ನೋಡಿದ್ದಿರಬೇಕು. ಪಕ್ಕದವರ ನಗು ನಿಮ್ಮನ್ನು ಆ ನಿಧಾನದ ಭಾಗ ದಾಟಿಸಿರುತ್ತದೆ. ಅವಳು ಒಬ್ಬಳೇ, ಅಪ್ಪನ ನಿರೀಕ್ಷೆಯ ಮುಂದೆ ಕೂತು ನೋಡಬೇಕಾಯಿತು.

ಬೇಕಿದ್ದರೆ ನಾಟಕದ ದೃಶ್ಯವನ್ನು ಮೊದಲು ತೋರಿಸಿ, ಇಷ್ಟವಾದರೆ ಅವಳ ಗೆಳತಿಯರನ್ನೂ ಕರೆದು ಪೂರ್ತಿ ಹಾಕಿ. ಅದಕ್ಕೂ ಮೊದಲು ಅವಳ ಕಡೆಯಿಂದ ಒಂದು ಚಿತ್ರ ಕೇಳಿ ನೋಡಿ. ಅವಳೂ ಗೆಳತಿಯರೂ ಯಾವ ಚಿತ್ರದ ಮಾತನ್ನು ದಿನವೂ ಆಡಿಕೊಂಡು ನಗುತ್ತಾರೋ ಅದನ್ನು, ನಡುವೆ ಎದ್ದು ಹೋಗದೆ, ಅವಳ ಜೊತೆ ಕೂತು ನೋಡಿ.